ನೆಲದಡಿಯ ಪೈಪಿನ ಲೆಕ್ಕ ಯಾರ ಹತ್ತಿರ ಇದೆ?

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿನ ಹೊಣೆ ಫ್ರಾಂಟಿನಸ್ ಎಂಬ ಹಿರಿಯ ಅಧಿಕಾರಿಯ ಹೆಗಲಿಗೆ ಬಿತ್ತು. ಸೇನೆಯಲ್ಲಿ, ಆಡಳಿತದಲ್ಲಿ ಪಳಗಿದ ಮನುಷ್ಯ. ನೀರಿನ ಕೆಲಸ ಮಾತ್ರ ಹೊಸದು. ಹಾಗಾಗಿ ಅವರು ಮೊದಲು ಲೆಕ್ಕಕ್ಕೆ ಕೂತರು. ನಗರಕ್ಕೆ ಬರುತ್ತಿದ್ದ ಒಂಬತ್ತು ಕಾಲುವೆಗಳಲ್ಲಿ ಎಷ್ಟು ನೀರು ಹೊರಡುತ್ತದೆ, ಎಷ್ಟು ತಲುಪುತ್ತದೆ ಅಂತ ಅಳೆಸಿದರು. ಕಡತದ ಅಂಕಿಗೂ ಹರಿಯುವ ನೀರಿಗೂ ತಾಳೆಯೇ ಆಗಲಿಲ್ಲ. ದಾರಿಯುದ್ದಕ್ಕೂ ಕಳ್ಳ ಸಂಪರ್ಕಗಳಿದ್ದವು. ಕೆಲವು ಕಡೆ ನೀರುಗಂಟಿಗಳೇ ಮೋಸದಲ್ಲಿ ಸೇರಿಕೊಂಡಿದ್ದರು. ಫ್ರಾಂಟಿನಸ್ ಪ್ರತಿ ಕಾಲುವೆಯ ನಕ್ಷೆ ಮಾಡಿಸಿದರು. ಎಲ್ಲಿ ಕಣಿವೆ ದಾಟುತ್ತದೆ, ಎಲ್ಲಿ ನದಿ ದಾಟುತ್ತದೆ, ಗುಡ್ಡದ ಪಕ್ಕದಲ್ಲಿ ಎಲ್ಲಿ ಪದೇ ಪದೇ ನೋಡಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿತ್ತು. ಅವರ ಕೈಕೆಳಗೆ ಇದೇ ಕೆಲಸಕ್ಕೆಂದು 700 ಗುಲಾಮ ಕೆಲಸಗಾರರಿದ್ದರು.

ರಸ್ತೆ, ಸೇತುವೆ, ನೀರು, ಒಳಚರಂಡಿ ನೋಡಿಕೊಳ್ಳುವ ಸ್ಥಳೀಯ ಇಲಾಖೆಗಳ ಆಧುನೀಕರಣ ಅಂದ ಕೂಡಲೇ ಇವತ್ತು ಸೆನ್ಸರ್, ಆ್ಯಪ್, ದೊಡ್ಡ ಪರದೆಯ ಕಂಟ್ರೋಲ್ ರೂಮ್ ಕಣ್ಣ ಮುಂದೆ ಬರುತ್ತವೆ. ಅವೂ ಬೇಕು. ಆದರೆ ಈ ಇಲಾಖೆಗಳ ಚರಿತ್ರೆ ನೋಡಿದರೆ ನನಗೆ ಕಾಣುವುದೇ ಬೇರೆ. ತನ್ನ ಹತ್ತಿರ ಏನಿದೆ, ಅದು ಯಾವ ಸ್ಥಿತಿಯಲ್ಲಿದೆ ಎಂಬುದು ಗೊತ್ತಿರುವ ಇಲಾಖೆ ಮಾತ್ರ ಹೊಡೆತ ತಡೆದುಕೊಂಡಿದೆ. ಗೊತ್ತಿಲ್ಲದ ಕಡೆ ಎಷ್ಟು ಹೊಸ ಯಂತ್ರ ತಂದರೂ ಒಂದು ದಿನ ಏಟು ಬಿದ್ದೇ ಬೀಳುತ್ತದೆ.

ಈಗ ನಾವು ನೋಡುವ ರೀತಿಯ ನಗರ ಕಾಮಗಾರಿ ಇಲಾಖೆ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ, ಅದೂ ಲಂಡನ್ನಿನಂಥ ಊರುಗಳಲ್ಲಿ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರುತ್ತಿತ್ತು ಅಂದರೆ, ಸಂಸತ್ತಿನ ಕಿಟಕಿ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ಕಟ್ಟಬೇಕಾಯಿತು. ವರ್ಷಗಟ್ಟಲೆ ಎಳೆದಾಡಿದ್ದ ಒಳಚರಂಡಿ ಯೋಜನೆಗೆ ಆಗ 18 ದಿನದಲ್ಲಿ ಕಾನೂನು ಬಂತು. ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ನೇತೃತ್ವದಲ್ಲಿ ಸುಮಾರು 132 ಕಿ.ಮೀ. ಉದ್ದದ ಮುಖ್ಯ ಕೊಳವೆ ಮಾರ್ಗ ನೆಲದಡಿ ಹೋಯಿತು. ಕೆಟ್ಟ ವಾಸನೆಯಿಂದಲೇ ಕಾಲರಾ ಬರುತ್ತದೆ ಅಂತ ಆಗಿನ ಬಹುಪಾಲು ಜನ ನಂಬಿದ್ದರು. ಕಾರಣ ತಪ್ಪಾಗಿತ್ತು, ಕೆಲಸ ಸರಿಯಾಗಿತ್ತು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೊಸ ಚರಂಡಿ ಜಾಲ ಇನ್ನೂ ಪೂರ್ತಿ ತಲುಪಿರದ ಪೂರ್ವ ಲಂಡನ್ನಿನಲ್ಲೇ ಜಾಸ್ತಿ ಸಾವಾಯಿತು. ಅಲ್ಲಿ ಸತ್ತವರು 5,500ಕ್ಕೂ ಹೆಚ್ಚು. ಚರಂಡಿ ಮುಟ್ಟಿದ ಬೀದಿಗಳು ಬಹುಮಟ್ಟಿಗೆ ಬಚಾವಾದವು.

ಆ ಜಾಲದಲ್ಲಿ ಒಂದು ಗುಣ ಇತ್ತು, ಅದರಲ್ಲೇ ಒಂದು ದೋಷವೂ ಇತ್ತು. ಅವತ್ತಿನ ಜನಸಂಖ್ಯೆಗೆ ಬೇಕಾದ್ದಕ್ಕಿಂತ ದೊಡ್ಡದಾಗಿ ಕಟ್ಟಿದ್ದರು, ಆದ್ದರಿಂದ ಇಷ್ಟು ಕಾಲ ಬಾಳಿತು. ಆದರೆ ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಜೋರು ಮಳೆಗೆ ಕೊಳವೆ ತುಂಬಿದರೆ ಮನೆಗಳಿಗೆ ನುಗ್ಗದಿರಲಿ ಅಂತ ಹೆಚ್ಚಿನದನ್ನು ನದಿಗೆ ಬಿಡುವ ಏರ್ಪಾಡು ಮಾಡಿದ್ದರು. ಅಪರೂಪಕ್ಕೆ ಅಂತ ಇಟ್ಟ ಆ ದಾರಿ ಊರು ಬೆಳೆದಂತೆ ವಾಡಿಕೆಯೇ ಆಯಿತು. ಅದನ್ನು ತಡೆಯಲು ಥೇಮ್ಸ್ ಕೆಳಗೆ 25 ಕಿ.ಮೀ. ಉದ್ದದ ಹೊಸ ಸುರಂಗ ಕೊರೆಯಬೇಕಾಯಿತು. ಅದು ಪೂರ್ತಿ ಜೋಡಣೆಯಾಗಿದ್ದು 2025ರಲ್ಲಿ.

ಎಲ್ಲ ಊರಿಗೂ ಹೊಸ ಸುರಂಗ ಕೊರೆಯುವ ತಾಕತ್ತು ಇರುವುದಿಲ್ಲ. ಅಮೆರಿಕದ ಸೌತ್ ಬೆಂಡ್ ಎಂಬ ಚಿಕ್ಕ ನಗರ ಹಳೇ ಕೊಳವೆಗಳಲ್ಲೇ ನೂರಕ್ಕೂ ಹೆಚ್ಚು ಸೆನ್ಸರ್ ಕೂರಿಸಿತು. ಮಳೆ ಬಂದಾಗ ಒಂದು ಬಡಾವಣೆಯ ಕೊಳವೆ ತುಂಬಿರುತ್ತದೆ, ಇನ್ನೊಂದು ಕಡೆ ಅರ್ಧ ಖಾಲಿ ಇರುತ್ತದೆ. ಅದು ಗೊತ್ತಾದರೆ ವಾಲ್ವ್ ತಿರುಗಿಸಿ ನೀರನ್ನು ಖಾಲಿ ಕಡೆಗೆ ಹೊರಳಿಸಬಹುದು. ನದಿಗೆ ಬೀಳುತ್ತಿದ್ದ ಕೊಳಚೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ತಂತ್ರಜ್ಞಾನ ಅಂದರೆ ನನಗೆ ಇಷ್ಟವಾಗುವುದು ಇಂಥದ್ದು. ಇರುವುದನ್ನೇ ಸರಿಯಾಗಿ ಕಾಣಿಸುತ್ತದೆ.

20ನೇ ಶತಮಾನದ ನಡುವಿನವರೆಗೆ ಇಲಾಖೆಗಳ ಹೆಮ್ಮೆಯೆಲ್ಲ ಕಟ್ಟುವುದರಲ್ಲೇ ಇತ್ತು. ಕಟ್ಟಿದ ಮೇಲೆ ನೋಡಿಕೊಳ್ಳುವುದು ಯಾರಿಗೂ ಬೇಡದ ಕೆಲಸ. ಅಮೆರಿಕದಲ್ಲಿ ಈ ಮನಸ್ಥಿತಿಯನ್ನು ಅಲುಗಾಡಿಸಿದ್ದು 1967ರ ಡಿಸೆಂಬರ್ 15ರ ಸಂಜೆ. ಒಹಾಯೋ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ ವಾಹನಗಳ ಸಮೇತ ಕುಸಿದು 46 ಜನ ಸತ್ತರು. ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಪಟ್ಟಿಗಳ ಸರಪಳಿಯಲ್ಲಿ ಒಂದೇ ಒಂದು ಪಟ್ಟಿಯಲ್ಲಿ ಬಿರುಕು ಇತ್ತು. ಆಳ ಬರೀ 2.5 ಮಿ.ಮೀ.ನಷ್ಟು. ಅದು ಮುರಿದಾಗ ಪಕ್ಕದಲ್ಲಿದ್ದ ಒಂದೇ ಪಟ್ಟಿಗೆ ಅಷ್ಟು ಭಾರ ಹೊರಲಾಗಲಿಲ್ಲ. ಅಲ್ಲಿಯವರೆಗೆ ಆ ದೇಶದಲ್ಲಿ ಸೇತುವೆ ತಪಾಸಣೆಗೆ ಎಲ್ಲ ಕಡೆಗೂ ಒಂದೇ ನಿಯಮ ಅಂತ ಇರಲಿಲ್ಲ. 1971ರಲ್ಲಿ ಅದು ಬಂತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಅದೇ ದಶಕದಲ್ಲಿ ರಸ್ತೆಗಳಿಗೂ ಸೊನ್ನೆಯಿಂದ 100ರವರೆಗೆ ಅಂಕ ಕೊಡುವ ಪದ್ಧತಿಯನ್ನು ಅಮೆರಿಕದ ಸೇನಾ ಎಂಜಿನಿಯರ್‌ಗಳು ರೂಪಿಸಿದರು. ಡಾಂಬರು ಮೊದಲ ವರ್ಷಗಳಲ್ಲಿ ನಿಧಾನವಾಗಿ ಸವೆಯುತ್ತದೆ. ಬಿರುಕಿನಿಂದ ನೀರು ಇಳಿದು ಕೆಳಗಿನ ಪದರ ಮೆತ್ತಗಾದರೆ ಬೇಗ ಬೇಗ ಹಾಳಾಗುತ್ತದೆ. ಬಿರುಕಿದ್ದಾಗಲೇ ಮುಚ್ಚಿದರೆ ಸಣ್ಣ ಖರ್ಚು, ಗುಂಡಿ ಬಿದ್ದ ಮೇಲೆ ದೊಡ್ಡದು. ಅಂಕ ಕೊಟ್ಟಿದ್ದೇ ಈ ಸಮಯ ತಪ್ಪದಿರಲಿ ಅಂತ.

ಹಾಗಂತ ತಪಾಸಣೆಯೊಂದೇ ಕಾಪಾಡುತ್ತದೆಯಾ? ಇಲ್ಲ. 2007ರ ಆಗಸ್ಟ್ 1ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕುಸಿದ ಸೇತುವೆಯ ತಪಾಸಣೆ ನಿಯಮದಂತೆ ನಡೆಯುತ್ತಲೇ ಇತ್ತು. 13 ಜನ ಸತ್ತರು. ತೊಲೆಗಳನ್ನು ಜೋಡಿಸುವ ಲೋಹದ ತಟ್ಟೆಗಳು ವಿನ್ಯಾಸದಲ್ಲೇ ಬೇಕಾದ್ದಕ್ಕಿಂತ ತೆಳು ಇದ್ದವು. ತುಕ್ಕು, ಬಿರುಕು ಹುಡುಕುವ ಕಣ್ಣಿಗೆ ಮೊದಲ ಲೆಕ್ಕವೇ ತಪ್ಪಿದ್ದು ಕಾಣಲಿಲ್ಲ. ಮೇಲೆ ರಿಪೇರಿ ಕೆಲಸಕ್ಕೆ ತಂದಿಟ್ಟ ಜಲ್ಲಿ, ಮರಳು, ಯಂತ್ರಗಳ ಭಾರ ಬೇರೆ.

ಜನರ ದೂರು ಕೇಳುವ ರೀತಿಯೂ ಈ ನಡುವೆ ಬದಲಾಗಿತ್ತು. 1996ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ತುರ್ತಲ್ಲದ ದೂರುಗಳಿಗೆ 311 ಎಂಬ ಒಂದೇ ಫೋನ್ ನಂಬರ್ ಶುರು ಮಾಡಿತು. ಯಾವ ಗುಂಡಿ ಯಾವ ಇಲಾಖೆಗೆ ಸೇರಿದ್ದು ಅಂತ ಜನ ತಲೆ ಕೆಡಿಸಿಕೊಳ್ಳಬೇಕಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಬಂದ ಫಿಕ್ಸ್‌ಮೈಸ್ಟ್ರೀಟ್ ಎಂಬ ವೆಬ್‌ಸೈಟ್ ದೂರನ್ನು ಎಲ್ಲರಿಗೂ ಕಾಣುವ ನಕ್ಷೆಯ ಮೇಲೆ ಹಾಕಿತು. ಇದರಿಂದ ಇಲಾಖೆಗೆ ಸಾವಿರಾರು ಕಣ್ಣು ಸಿಕ್ಕಿತು. ಆದರೆ ಫೋನ್ ಮಾಡುವವರ ಬೀದಿ ಬೇಗ ಸರಿಹೋಗಿ, ಮಾಡದವರ ಬೀದಿ ಹಾಗೇ ಉಳಿಯುವ ಅಪಾಯವೂ ಇದೆ. ಅದೂ ಅಲ್ಲದೆ ದೂರು ಬರುವುದು ಕಣ್ಣಿಗೆ ಬಿದ್ದ ತೊಂದರೆಗೆ ಮಾತ್ರ. ನೆಲದಡಿ ಸವೆಯುತ್ತಿರುವ ಪೈಪಿನ ಪರವಾಗಿ ಯಾರೂ ಫೋನ್ ಮಾಡುವುದಿಲ್ಲ, ಅಲ್ವಾ? ಹೊಸ ಸೌಲಭ್ಯಕ್ಕೆ ಹೊಸ ಅಪಾಯವೂ ಅಂಟಿಕೊಂಡಿತು. ಅದೇ ಬಾಲ್ಟಿಮೋರ್‌ನ ಕಂಪ್ಯೂಟರ್‌ಗಳನ್ನು 2019ರ ಮೇ ತಿಂಗಳಲ್ಲಿ ಹ್ಯಾಕರ್‌ಗಳು ಬೀಗ ಹಾಕಿ ಹಣ ಕೇಳಿದರು. ನೀರಿನ ಬಿಲ್ ಕೊಡುವ ವ್ಯವಸ್ಥೆ ತಿಂಗಳುಗಟ್ಟಲೆ ನಿಂತಿತು.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಫ್ಲಿಂಟ್ ನಗರದಷ್ಟು ಕಟುವಾಗಿ ಹೇಳುವ ಇನ್ನೊಂದು ಊರಿಲ್ಲ. 2014ರ ಏಪ್ರಿಲ್‌ನಲ್ಲಿ ಆ ಊರು ದುಡ್ಡು ಉಳಿಸಲು ಕುಡಿಯುವ ನೀರಿನ ಮೂಲ ಬದಲಾಯಿಸಿತು. ಪೈಪು ತುಕ್ಕು ಹಿಡಿಯದಂತೆ ಬೆರೆಸಬೇಕಾದ ರಾಸಾಯನಿಕ ಬೆರೆಸಲಿಲ್ಲ. ಹಳೇ ಸೀಸದ ಪೈಪುಗಳಿಂದ ಸೀಸ ಕರಗಿ ಮಕ್ಕಳ ಮೈ ಸೇರಿತು. ಆಮೇಲೆ ಪೈಪು ಕಿತ್ತು ಹಾಕೋಣ ಅಂದರೆ ಯಾವ ಮನೆಗೆ ಸೀಸದ ಪೈಪು ಹೋಗಿದೆ ಎಂಬುದೇ ಸ್ಪಷ್ಟ ಇರಲಿಲ್ಲ. ಮಾಹಿತಿ ಇದ್ದದ್ದು ಹತ್ತಾರು ಸಾವಿರ ಕಾಗದದ ಕಾರ್ಡುಗಳಲ್ಲಿ, ಮಾಸಿದ ನಕ್ಷೆಗಳಲ್ಲಿ. ಸಂಶೋಧಕರು ಅದನ್ನು ಕಂಪ್ಯೂಟರಿಗೆ ಏರಿಸಿದರು. ಮನೆಯ ವಯಸ್ಸು, ಬೀದಿ, ಅಗೆದ ಕಡೆ ಸಿಕ್ಕಿದ್ದು ಎಲ್ಲ ಸೇರಿಸಿ ಎಲ್ಲಿ ಅಗೆಯಬೇಕು ಅಂತ ಅಂದಾಜು ಮಾಡುವ ಮಾದರಿ ಕಟ್ಟಿದರು. ಅದನ್ನು ನಂಬಿ ಅಗೆದಾಗ ಬಹುಪಾಲು ಕಡೆ ಕಿತ್ತು ಹಾಕಬೇಕಾದ ಪೈಪೇ ಸಿಕ್ಕಿತು. 2018ರಲ್ಲಿ ಅದನ್ನು ಬಿಟ್ಟು ಬೀದಿ ಬೀದಿ ಅಗೆಯಲು ಹೊರಟಾಗ ಸುಮ್ನೆ ಅಗೆದು ಮುಚ್ಚಿದ ಗುಂಡಿಗಳೇ ಜಾಸ್ತಿಯಾದವು. ನಂತರ ಮತ್ತೆ ಅದೇ ಮಾದರಿಗೆ ಮರಳಿದರು. ಮೊದಲೇ ಒಂದು ಸರಿಯಾದ ಪಟ್ಟಿ ಇದ್ದಿದ್ದರೆ ಎಷ್ಟು ಮಕ್ಕಳ ಮನೆಗೆ ಎಷ್ಟು ಬೇಗ ತಲುಪಬಹುದಿತ್ತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಈಚಿನ ವರ್ಷಗಳಲ್ಲಿ ಮಳೆಯ ರೀತಿಯೇ ಬದಲಾಗಿದೆ. 2011ರ ಜುಲೈ 2ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಸುಮಾರು ಎರಡು ಗಂಟೆಯಲ್ಲಿ 150 ಮಿ.ಮೀ.ನಷ್ಟು ಮಳೆ ಸುರಿಯಿತು. ಮರುವರ್ಷ ನಗರ ಒಂದು ಯೋಜನೆ ಮಾಡಿತು. ಅದರಲ್ಲಿ ನನಗೆ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಎಲ್ಲ ನೀರನ್ನೂ ಕೊಳವೆಯಲ್ಲಿ ಹಿಡಿಯುತ್ತೇವೆ ಅಂತ ಅದು ಹೇಳಲಿಲ್ಲ. ನೂರು ವರ್ಷಕ್ಕೊಮ್ಮೆ ಬರುವಂಥ ಮಳೆಗೂ ರಸ್ತೆಯಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ನೀರು ನಿಲ್ಲಬಾರದು ಎಂದು ಗುರಿ ಇಟ್ಟಿತು. ಉಳಿದದ್ದನ್ನು ಉದ್ಯಾನ, ಮೈದಾನ, ತಗ್ಗಿಸಿದ ರಸ್ತೆಗಳು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡಬೇಕು. ಸುಮಾರು 300 ಕಾಮಗಾರಿ, 20 ವರ್ಷದ ಅವಧಿ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರ 2013ರಲ್ಲಿ ತೆರೆದ ಚೌಕ ಒಣಗಿದ ದಿನ ಆಟದ ಅಂಗಳ, ಮಳೆ ದಿನ ಕೆರೆ.

ಜಪಾನಿನ ಸೈತಾಮಾ ಪ್ರಾಂತ್ಯದಲ್ಲಿ ಈ ಕಥೆಯ ಎರಡೂ ಮುಖ ಅಕ್ಕಪಕ್ಕದಲ್ಲೇ ಇವೆ. ಅಲ್ಲಿನ ಕಸುಕಾಬೆಯಲ್ಲಿ ನೆಲದಿಂದ 50 ಮೀಟರ್ ಕೆಳಗೆ 6.3 ಕಿ.ಮೀ. ಉದ್ದದ ಪ್ರವಾಹ ಸುರಂಗವಿದೆ. 2006ರಲ್ಲಿ ಮುಗಿದ ಅದನ್ನು ನೋಡಲು ಪ್ರಪಂಚದ ಎಲ್ಲೆಡೆಯಿಂದ ಜನ ಬರುತ್ತಾರೆ. ಅದೇ ಪ್ರಾಂತ್ಯದ ಯಾಶಿಯೊದಲ್ಲಿ 2025ರ ಜನವರಿ 28ರಂದು ಒಂದು ಕೂಡುರಸ್ತೆ ಏಕಾಏಕಿ ಬಾಯಿಬಿಟ್ಟು ಲಾರಿಯನ್ನು ನುಂಗಿತು. ಚಾಲಕ ಬದುಕಲಿಲ್ಲ. ಕೆಳಗಿದ್ದದ್ದು 1983ರಿಂದ ಬಳಕೆಯಲ್ಲಿದ್ದ 4.75 ಮೀಟರ್ ವ್ಯಾಸದ ಒಳಚರಂಡಿ ಪೈಪು. ಸುಮಾರು 12 ಲಕ್ಷ ಜನರಿಗೆ ನೀರು ಕಡಿಮೆ ಬಳಸಿ ಅಂತ ಕೇಳಿಕೊಳ್ಳಬೇಕಾಯಿತು. ಕೆಲವೇ ವರ್ಷ ಹಿಂದೆ ಆ ಪೈಪಿನ ತಪಾಸಣೆ ಆಗಿತ್ತು, ಕೂಡಲೇ ರಿಪೇರಿ ಬೇಡ ಎಂಬ ತೀರ್ಮಾನ ಬಂದಿತ್ತು.

ಕೊಳಚೆಯಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಪೈಪಿನ ಮೇಲ್ಭಾಗದ ತೇವದಲ್ಲಿ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಮೇಲೆ ರಂಧ್ರವಾದರೆ ಮಣ್ಣು ಸ್ವಲ್ಪ ಸ್ವಲ್ಪವೇ ಒಳಗೆ ಇಳಿಯುತ್ತದೆ. ರಸ್ತೆಯ ಕೆಳಗೆ ಪೊಳ್ಳು ಬೆಳೆಯುತ್ತದೆ. ಮೇಲಿನ ಡಾಂಬರು ಮಾತ್ರ ಕೊನೆಯವರೆಗೂ ಚೆನ್ನಾಗೇ ಕಾಣುತ್ತದೆ.

ದುರಂತದ ನಂತರ ಜಪಾನ್ ಸರ್ಕಾರ ದೇಶದಾದ್ಯಂತ 2 ಮೀಟರ್‌ಗಿಂತ ದೊಡ್ಡ, 30 ವರ್ಷ ದಾಟಿದ ಒಳಚರಂಡಿ ಪೈಪುಗಳನ್ನು ಪರೀಕ್ಷಿಸಲು ಹೇಳಿತು. ಒಟ್ಟು ಸುಮಾರು 5,000 ಕಿ.ಮೀ. ಇಂಥ ಪೈಪಿನೊಳಗೆ ಮನುಷ್ಯ ಇಳಿಯುವುದು ಜೀವಕ್ಕೇ ಅಪಾಯ. ಡ್ರೋನ್, ತೇಲುವ ಕ್ಯಾಮೆರಾ ಬಿಡಬಹುದು, ಆದರೆ ಅವು ತೋರಿಸುವುದು ನೀರಿನ ಮೇಲಿನ ಭಾಗ ಮಾತ್ರ. ಊರಿನ ಕೊಳಚೆ ಒಂದು ಗಂಟೆಯೂ ನಿಲ್ಲದ್ದರಿಂದ ಪೈಪು ಖಾಲಿ ಮಾಡಿ ನೋಡಲಾಗುವುದಿಲ್ಲ. ಪಕ್ಕದಲ್ಲಿ ಎರಡನೇ ಪೈಪು ಇದ್ದರೆ ಕೊಳಚೆಯನ್ನು ಅದಕ್ಕೆ ಹರಿಸಿ, ಮೊದಲನೆಯದನ್ನು ಮುಚ್ಚಿ ರಿಪೇರಿ ಮಾಡಬಹುದು. ಮುಖ್ಯ ಮಾರ್ಗಗಳಿಗೆ ಹೀಗೆ ಜೋಡಿ ಪೈಪು ಹಾಕಬೇಕೆಂಬ ಮಾತು ಈಗ ಅಲ್ಲಿ ಗಟ್ಟಿಯಾಗಿ ಕೇಳುತ್ತಿದೆ. ಹೊಸದಾಗಿ ಒಂದು ಮನೆಗೂ ಸಂಪರ್ಕ ಕೊಡದ ಪೈಪು ಅದು. ಅದಕ್ಕೆ ಬಜೆಟ್‌ನಲ್ಲಿ ದುಡ್ಡು ಕೇಳಲು ಎಂಜಿನಿಯರ್ ಎದ್ದು ನಿಂತಾಗ ಅವರ ಕೈಯಲ್ಲಿ ಹಳೇ ಪೈಪಿನ ಸ್ಥಿತಿ ಹೇಳುವ ನಂಬಲರ್ಹ ದಾಖಲೆ ಇರಲೇಬೇಕು.