ವಾತಾಪಿಯ ಕತೆಯನ್ನು ಎಷ್ಟು ಬದಲಾಯಿಸಬಹುದು?

ಪ್ರಶ್ನೆ: ಬಾದಾಮಿ ಕಡೆಯ ಪುರಾಣ ಇಟ್ಟುಕೊಂಡು ಹೈಸ್ಕೂಲು ಮಕ್ಕಳಿಗೆ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮಾಯೆ ಇದೆ, ರಾಕ್ಷಸರಿದ್ದಾರೆ, ನಾಲ್ವರು ಗೆಳೆಯರಿದ್ದಾರೆ. ಮೂಲ ಕತೆಯನ್ನು ಎಷ್ಟರ ಮಟ್ಟಿಗೆ ಬದಲಾಯಿಸಬಹುದು?

ಉತ್ತರ: ಬಾಗಲಕೋಟೆ, ವಿಜಯಪುರ ಕಡೆಯಿಂದ ಈ ಪ್ರಶ್ನೆ ಆಗಾಗ ಬರುತ್ತದೆ. ಧಾರಾಳವಾಗಿ ಬದಲಾಯಿಸಿ. ಪುರಾಣ ಊರಿಂದೂರಿಗೆ ಬದಲಾಗುತ್ತಲೇ ಬಂದಿದೆ. ಮಹಾಭಾರತದ ವನಪರ್ವದಲ್ಲಿ ವಾತಾಪಿಯ ಅಣ್ಣ, ರಾಕ್ಷಸ ಇಲ್ವಲ ಇರುವುದು ಮಣಿಮತಿ ಎಂಬ ಪಟ್ಟಣದಲ್ಲಿ. ನಮ್ಮ ಜನ ಅಣ್ಣತಮ್ಮ ಇಬ್ಬರನ್ನೂ ಬಾದಾಮಿಗೆ ಕರೆತಂದರು, ಕೆರೆಗೆ ಅಗಸ್ತ್ಯರ ಹೆಸರನ್ನೂ ಇಟ್ಟರು.

ಆದರೆ ಮಾಯೆಯ ಕಟ್ಟಳೆಯನ್ನು ಮಾತ್ರ ಸಡಿಲ ಮಾಡಬೇಡಿ. ಇಲ್ವಲ ತಮ್ಮನನ್ನು ಟಗರು ಮಾಡಿ, ಕೊಯ್ದು, ಬೇಯಿಸಿ ಅತಿಥಿಗೆ ಬಡಿಸುತ್ತಾನೆ. ಊಟ ಆದಮೇಲೆ ‘ವಾತಾಪಿ, ಹೊರಗೆ ಬಾ’ ಅಂತ ಕೂಗುತ್ತಾನೆ. ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ಎದ್ದು ಬರುತ್ತಾನೆ. ಅಗಸ್ತ್ಯರು ಇದಕ್ಕೆ ಅಸ್ತ್ರ ಗಿಸ್ತ್ರ ಏನೂ ಬಿಡಲಿಲ್ಲ. ಅಣ್ಣ ಕೂಗುವಷ್ಟರಲ್ಲಿ ಸುಮ್ನೆ ಅರಗಿಸಿಕೊಂಡರು, ಅಷ್ಟೇ.

ಇದರಲ್ಲಿರುವ ಕಟ್ಟಳೆ ನೋಡಿ. ರೂಪ ಬಿಟ್ಟವನು ತಾನಾಗಿಯೇ ವಾಪಸ್ ಬರಲಾರ, ತನ್ನವರೊಬ್ಬರು ಕರೆಯಬೇಕು. ಅದೂ ಹೊತ್ತು ಮೀರುವ ಮೊದಲು ಕರೆಯಬೇಕು. ಇದನ್ನು ಒಂಬತ್ತನೇ ಕ್ಲಾಸಿನ ಇಬ್ಬರು ಗೆಳತಿಯರ ನಡುವೆ ಇಡಿ. ಒಬ್ಬಳಿಗೆ ಟಗರಾಗುವ ವಿದ್ಯೆ ಬಂದಿದೆ, ಇನ್ನೊಬ್ಬಳು ಕರೆದರೆ ಮಾತ್ರ ಮತ್ತೆ ಹುಡುಗಿ. ಈಗ ಇಬ್ಬರೂ ಯಾವುದೋ ಚಿಲ್ಲರೆ ಕಾರಣಕ್ಕೆ ಟೂ ಬಿಟ್ಟಿದ್ದಾರೆ. ಒಬ್ಬಳು ಟಗರಾಗಿ ನಿಂತಿದ್ದಾಳೆ, ಸಂತೆಗೆ ಹೊಡೆದುಕೊಂಡು ಹೋಗುವವರು ಹಗ್ಗ ಹಾಕಿದ್ದಾರೆ. ಇನ್ನೊಬ್ಬಳಿಗೆ ತಾನೇ ಮೊದಲು ಮಾತಾಡಬಾರದೆಂಬ ಹಟ. ಮಾಯೆ, ಪುರಾಣ, ಗೆಳೆತನ ಮೂರೂ ಒಂದೇ ಗಂಟಿಗೆ ಬಿದ್ದವು, ಅಲ್ವಾ? ನನಗೆ ಬರುವ ಹಸ್ತಪ್ರತಿಗಳಲ್ಲಿ ಜಾಸ್ತಿ ಕಾಣುವ ಕೊರತೆ ಇದೇ. ಗೆಳೆಯರ ಜಗಳ ಒಂದು ಕಡೆ, ರಾಕ್ಷಸರ ಕಾಳಗ ಇನ್ನೊಂದು ಕಡೆ.

ಸವದತ್ತಿಯ ರೇಣುಕೆ, ಅಂದರೆ ಯಲ್ಲಮ್ಮನ ಕತೆಯಲ್ಲೂ ಇಂಥದೇ ಕಟ್ಟಳೆ ಇದೆ. ಹಸಿ ಮರಳಿನ ಕೊಡ, ಹಾವಿನ ಸಿಂಬಿ. ಮನಸ್ಸು ಚೂರು ಅಲುಗಿತು, ಕೊಡ ನಿಲ್ಲಲಿಲ್ಲ. ಆದರೆ ಇಲ್ಲಿ ಹುಷಾರು. ವಾತಾಪಿಯನ್ನು ಯಾರೂ ಜಗಲಿ ಮೇಲೆ ಇಟ್ಟು ಪೂಜೆ ಮಾಡುವುದಿಲ್ಲ. ಯಲ್ಲಮ್ಮ ಹಾಗಲ್ಲ, ಬನದ ಹುಣ್ಣಿಮೆಗೆ ‘ಉಧೋ ಉಧೋ’ ಎನ್ನುತ್ತ ಗುಡ್ಡಕ್ಕೆ ಬರುವವರ ಮನೆದೇವರು. ಅವಳ ಕೈಯಿಂದ ಮಂತ್ರ ಹಾರಿಸಬೇಡಿ. ನಿಮ್ಮ ಹುಡುಗಿಯ ಅಜ್ಜಿ ಗುಡ್ಡಕ್ಕೆ ನಡೆದುಕೊಳ್ಳುವವಳಾಗಿರಲಿ, ಸಾಕು. ಕೊಡದ ಕಟ್ಟಳೆಯನ್ನು ನೀವೇ ಹುಟ್ಟಿಸಿದ ಪಾತ್ರಕ್ಕೆ ಕೊಡಿ.

ಜಾಗಗಳನ್ನು ಹೋಗಿ ನೋಡಿ ಬರೆಯಿರಿ. ಬಾದಾಮಿಯ ಒಂದನೇ ಗುಹೆಯಲ್ಲಿ ಎಲ್ಲರೂ 18 ಕೈಗಳ ನಟರಾಜನ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ. ಎದುರಿಗೆ ತ್ರಿಶೂಲ ಹಿಡಿದ ದ್ವಾರಪಾಲಕ ಇದ್ದಾನೆ, ಅವನ ಕೆಳಗೆ ಒಂದು ಸಣ್ಣ ಕೆತ್ತನೆ. ಎರಡು ಮೈ, ನಡುವೆ ಒಂದೇ ತಲೆ. ಒಂದು ಬದಿಯನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದು ಬದಿಯನ್ನು ಮರೆಮಾಡಿದರೆ ಎತ್ತು. ನಿಮ್ಮ ಪಾತ್ರಗಳಿಗೆ ಇದರಲ್ಲಿ ಒಂದೊಂದೇ ಪ್ರಾಣಿ ಕಾಣುವಂತೆ ಮಾಡಿ ನೋಡಿ. ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣದು, ಬಾಗಿಲು ತೆರೆಯಬೇಕಾದರೆ ಇಬ್ಬರ ಮಾತೂ ಬೇಕು. ವಿಜಯಪುರದ ಗೋಳಗುಮ್ಮಟವೂ ಇದೆ, 1656ರದ್ದು. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಗುಟ್ಟು ಆಚೆ ಬದಿಯವನ ಕಿವಿಗೆ ಬೀಳುತ್ತದೆ, ಮಾಯೆಯೇ ಬೇಡ.

ಇನ್ನೊಂದು ಮಾತು. ನಿರೂಪಣೆ ನಿಮ್ಮ ಇಷ್ಟ, ಆದರೆ ಹುಡುಗರ ಬಾಯಲ್ಲಿ ಪುಸ್ತಕದ ಕನ್ನಡ ಬೇಡ. ‘ಅಲ್ಲಿ ಆನೆಯೊಂದು ಕಾಣಿಸುತ್ತಿದೆ, ಗೆಳೆಯಾ’ ಎಂದು ಬಾದಾಮಿಯ ಯಾವ ಹುಡುಗ ಹೇಳುತ್ತಾನೆ? ‘ಲೇ, ಆನಿ ಐತಿ ನೋಡ್ಲೇ.’ ‘ಆನಿ ಎಲ್ಲೈತಿ? ಎತ್ತ ಐತಿ, ಕಣ್ಣ ತೊಳ್ಕೊಂಡ ಬಾ.’ ಜಗಳ ಇಲ್ಲಿಂದಲೇ ಶುರುವಾಗಲಿ.