2.8 ವೋಲ್ಟ್ ಮೋಟಾರಿಗೆ 24 ವೋಲ್ಟ್ ಕೊಟ್ಟರೆ ಸುಡುತ್ತದೆಯೇ?

ಪ್ರಶ್ನೆ: ಕಂಪ್ಯೂಟರ್ ಹೇಳಿದಂತೆ ಕೆತ್ತುವ ನನ್ನ ಪುಟ್ಟ ಸಿಎನ್‌ಸಿ ಯಂತ್ರದ ಎಕ್ಸ್ ಅಕ್ಷದ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಗುರ್ ಎಂದು ನಡುಗುತ್ತದೆ, ತಿರುಗುವುದಿಲ್ಲ. ಮೋಟಾರಿನ ಮೇಲೆ 2.8 ವೋಲ್ಟ್ ಎಂದು ಬರೆದಿದೆ, ಪವರ್ ಸಪ್ಲೈ 24 ವೋಲ್ಟಿನದು. ಅದಕ್ಕೇ ಸುಟ್ಟಿತೇ?

ಉತ್ತರ: ಅದಕ್ಕಲ್ಲ. ಅಕ್ಷ ಯಾವುದೇ ಇರಲಿ, ಮೋಟಾರ್ ಯಾವುದೇ ಇರಲಿ, ಈ 2.8 ವೋಲ್ಟಿನ ಭಯ ಮಾತ್ರ ತಪ್ಪದೆ ಬರುತ್ತದೆ. ಈ ಸಲ ಲೆಕ್ಕ ಸಮೇತ ಬಿಡಿಸಿಬಿಡೋಣ.

ಅದೇ ಚೀಟಿಯಲ್ಲಿ ಪಕ್ಕದ ಅಂಕಿಯನ್ನೂ ಓದಿ: ಸಾಮಾನ್ಯವಾಗಿ 1.7 ಆಂಪಿಯರ್ ಎಂದಿರುತ್ತದೆ. ಮೋಟಾರಿನೊಳಗಿನ ತಂತಿ ಸುರುಳಿಯ ರೋಧ ಸುಮಾರು 1.65 ಓಮ್. ಎರಡನ್ನೂ ಗುಣಿಸಿದರೆ 2.8 ಬರುತ್ತದೆ, ಅಷ್ಟೇ. ನಿಂತ ಮೋಟಾರಿನಲ್ಲಿ 1.7 ಆಂಪಿಯರ್ ಹರಿಯಲು ಬೇಕಾದ ವೋಲ್ಟೇಜ್ ಅದು. ಸಪ್ಲೈ ಅದನ್ನು ಮೀರಬಾರದೆಂದು ಅದು ಹೇಳುತ್ತಿಲ್ಲ. 24 ವೋಲ್ಟನ್ನು ನೇರವಾಗಿ ಸುರುಳಿಗೆ ಕಟ್ಟಿದರೆ 14 ಆಂಪಿಯರ್‌ಗೂ ಹೆಚ್ಚು ಹರಿದು ಸುಡುವುದು ಖಂಡಿತ. ಆದರೆ ನಡುವೆ ಮೋಟಾರ್ ನಡೆಸುವ ಸರ್ಕಿಟ್, ಅಂದರೆ ಡ್ರೈವ್ ಇದೆಯಲ್ಲ! ಅದು ಕರೆಂಟನ್ನು ಅಳೆಯುತ್ತಾ, ನೀವು ನಿಗದಿಪಡಿಸಿದ ಮಟ್ಟ ಮುಟ್ಟಿದ ಕೂಡಲೇ ಕತ್ತರಿಸಿ, ಇಳಿದಾಗ ಮತ್ತೆ ಬಿಡುತ್ತದೆ. ಸೆಕೆಂಡಿಗೆ ಸಾವಿರಾರು ಸಲ ನಡೆಯುವ ಕೆಲಸವಿದು.

ಹಾಗಿದ್ದರೆ 24 ವೋಲ್ಟ್ ಏಕೆ ಬೇಕು? ಸುರುಳಿಯ ಇಂಡಕ್ಟನ್ಸ್ ಕರೆಂಟನ್ನು ತಟ್ಟನೆ ಏರಲು ಬಿಡುವುದಿಲ್ಲ. ಸುತ್ತಿಗೆ 200 ಹೆಜ್ಜೆಯ ಮೋಟಾರ್ ಸೆಕೆಂಡಿಗೆ 5 ಸುತ್ತು ತಿರುಗಬೇಕಾದರೆ ಪ್ರತಿ ಹೆಜ್ಜೆಗೆ ಸಿಗುವುದು ಒಂದೇ ಮಿಲಿಸೆಕೆಂಡ್. ಇಂಡಕ್ಟನ್ಸ್ 2.8 ಮಿಲಿಹೆನ್ರಿ ಇದ್ದರೆ, 2.8 ವೋಲ್ಟಿನಲ್ಲಿ ಆ ಅವಧಿಯೊಳಗೆ ಕರೆಂಟ್ ಅರ್ಧವೂ ಏರುವುದಿಲ್ಲ. 24 ವೋಲ್ಟಿನಲ್ಲಿ ಐದನೇ ಒಂದು ಭಾಗದ ಸಮಯದಲ್ಲೇ ಪೂರ್ತಿ ಏರುತ್ತದೆ. ಚೀಟಿಗೆ ಹೆದರಿ ವೋಲ್ಟೇಜ್ ಇಳಿಸಿದವರೇ ಆಮೇಲೆ ‘ಮೋಟಾರಿಗೆ ಶಕ್ತಿಯಿಲ್ಲ’ ಎಂದು ದೂರುತ್ತಾರೆ. ನೋಡಬೇಕಾದ ಮಿತಿ ಡ್ರೈವಿನದು, ಅದರೊಳಗಿನ ಚಿಪ್ ಯಾವುದೆಂದು ನೋಡಿ: ಎ4988ಕ್ಕೆ 35 ವೋಲ್ಟ್, ಡಿಆರ್‌ವಿ8825ಕ್ಕೆ 45.

ಇನ್ನು ನಿಮ್ಮ ನಡುಕ. ಎಷ್ಟು ನಿಧಾನವಾಗಿ ಓಡಿಸಿದರೂ ನಡುಗಿದರೆ, ಬಹುಪಾಲು ಎರಡು ಸುರುಳಿಗಳಲ್ಲಿ ಒಂದಕ್ಕೆ ಕರೆಂಟ್ ಸಿಗುತ್ತಿಲ್ಲ ಎಂದರ್ಥ. ವೇಗದಲ್ಲಿ ಮಾತ್ರ ನಡುಗಿದರೆ ಮೊದಲು ವೇಗವರ್ಧನೆ ತಗ್ಗಿಸಿ. ನಿಧಾನದಲ್ಲೂ ನಡುಗುವುದಾದರೆ ವಿದ್ಯುತ್ ಆರಿಸಿ, ಕೆಪಾಸಿಟರ್ ಖಾಲಿಯಾಗಲು ಬಿಟ್ಟು, ಎಕ್ಸ್ ಮತ್ತು ವೈ ಮೋಟಾರುಗಳ ಪ್ಲಗ್‌ಗಳನ್ನು ಡ್ರೈವಿನ ಬಳಿ ಅದಲುಬದಲು ಮಾಡಿ. ಕಾಯಿಲೆ ಮೋಟಾರಿನ ಜೊತೆ ಹೋದರೆ ತಪ್ಪು ಮೋಟಾರಿನದು ಅಥವಾ ಕೇಬಲಿನದು; ಎಕ್ಸ್ ಡ್ರೈವಿನಲ್ಲೇ ಉಳಿದರೆ ಆ ಡ್ರೈವ್ ಬದಲಿಸಿ ನೋಡಿ. ಕೇಬಲನ್ನು ಶಂಕಿಸುವಾಗ ಪ್ಲಗ್ ಒಳಗಿನ ಪಿನ್ನನ್ನು ಉಗುರಿನಿಂದ ಮೆಲ್ಲಗೆ ಎಳೆಯಿರಿ: ತಂತಿ ಪ್ಲಾಸ್ಟಿಕ್ ಹೊದಿಕೆಯಿಂದ ಮಾತ್ರ ಸಿಕ್ಕಿಕೊಂಡು, ತಾಮ್ರ ಲೋಹಕ್ಕೆ ತಾಗದೇ ಇರುವುದುಂಟು. ಮಲ್ಟಿಮೀಟರಿನಲ್ಲಿ ಒಂದೇ ಸುರುಳಿಯ ಎರಡು ತುದಿಗಳ ನಡುವೆ ಒಂದೆರಡು ಓಮ್ ತೋರಬೇಕು, ಎರಡು ಸುರುಳಿಗಳ ನಡುವೆ ಏನೂ ತೋರಬಾರದು.

ಡ್ರೈವೇ ಸತ್ತಿದ್ದರೆ, ವಿದ್ಯುತ್ ಇರುವಾಗಲೇ ಮೋಟಾರಿನ ಪ್ಲಗ್ ಕಿತ್ತಿದ್ದೀರಾ ಎಂದು ನೆನಪಿಸಿಕೊಳ್ಳಿ. ಸುರುಳಿಯ ಕರೆಂಟ್ ಏಕಾಏಕಿ ಕಡಿದಾಗ ಏಳುವ ವೋಲ್ಟೇಜ್ ಡ್ರೈವಿನೊಳಗಿನ ಟ್ರಾನ್ಸಿಸ್ಟರುಗಳನ್ನು ಸುಡಬಲ್ಲದು.

ಯಾರೂ ನೇರವಾಗಿ ಕೇಳದ, ಆದರೆ ಈ ಭಯದ ಮೂಲವಾದ ಇನ್ನೊಂದು ಸಂಗತಿ ಇದೆ: ಕೆಲಸವಿಲ್ಲದೆ ನಿಂತಾಗಲೂ ಮೋಟಾರ್ ಬಿಸಿಯಾಗುವುದೇಕೆ? ಸ್ಟೆಪ್ಪರ್ ನಿಂತಿರುವಾಗಲೂ ಜಾಗ ಹಿಡಿದುಕೊಳ್ಳಲು ಕರೆಂಟ್ ಎಳೆಯುತ್ತಲೇ ಇರುತ್ತದೆ. ಕೈ ಇಡಲಾಗದಷ್ಟು ಬಿಸಿಯಾದರೂ ಅದು ಹಾಳಾಗಿದೆ ಎಂದೇನಲ್ಲ. ಯಂತ್ರವನ್ನು ನಡೆಸುವ ಜಿಆರ್‌ಬಿಎಲ್ ತಂತ್ರಾಂಶದಲ್ಲಿ ‘$1’ ಎಂಬ ಸೆಟ್ಟಿಂಗಿನ ಅಂಕಿ 255 ಇದ್ದರೆ ಮೋಟಾರುಗಳಿಗೆ ಬಿಡುವೇ ಇಲ್ಲ. ಕಡಿಮೆ ಮಾಡಿದರೆ, ಚಲನೆ ನಿಂತ ಅಷ್ಟು ಮಿಲಿಸೆಕೆಂಡಿನ ಬಳಿಕ ಕರೆಂಟ್ ನಿಲ್ಲುತ್ತದೆ. ಆಗ ಭಾರದ ಸ್ಪಿಂಡಲ್ (ಟೂಲ್ ತಿರುಗಿಸುವ ಭಾಗ) ಹೊತ್ತ ಝಡ್ ಅಕ್ಷ ಕೆಳಗೆ ಜಾರಬಹುದು, ಆದ್ದರಿಂದ ಮೊದಲು ಟೂಲ್ ತೆಗೆದು ಪರೀಕ್ಷಿಸಿ.