ಬೆರಳು ಬೆಳ್ಳಗಾಗುವುದಕ್ಕೆ ಕಾರಣ ನರವೋ ರಕ್ತನಾಳವೋ? ಮುಗಿಯದ ಒಂದು ಜಗಳ

ಫ್ರಿಜ್‌ಗೆ ಕೈ ಹಾಕಿದ್ದೇ ತಡ, ಎರಡು ಬೆರಳು ಮೇಣದ ಹಾಗೆ ಬೆಳ್ಳಗಾಗುತ್ತವೆ. ಆಮೇಲೆ ನೀಲಿ. ಕೈ ಬೆಚ್ಚಗಾದಾಗ ಕೆಂಪು, ಜೊತೆಗೆ ಉರಿ. ಎಲ್ಲರಿಗೂ ಮೂರೂ ಬಣ್ಣ ಬರಬೇಕೆಂದಿಲ್ಲ. ಇದು ರೇನೋ ಕಾಯಿಲೆ. ಚಳಿಗೆ ಬೆರಳಿನ ರಕ್ತನಾಳಗಳು ಎಲ್ಲರಲ್ಲೂ ಬಿಗಿಯಾಗುತ್ತವೆ, ಇವರಲ್ಲಿ ಮಾತ್ರ ರಕ್ತವೇ ನಿಂತುಹೋಗುವಷ್ಟು ಬಿಗಿಯುತ್ತವೆ. ಚಳಿಯೇ ಬೇಕೆಂದಿಲ್ಲ, ಗಾಬರಿಯಾದರೂ ಸಾಕು. ಹಾಗಾಗಿಯೇ ‘ನಿಮಗೆ ಟೆನ್ಷನ್ ಜಾಸ್ತಿ’ ಎಂದು ಸಾಗಹಾಕುವುದು ಸುಲಭ, ಅಲ್ವಾ?

1862ರಲ್ಲಿ ಪ್ಯಾರಿಸ್‌ನ ವೈದ್ಯ ಮಾರಿಸ್ ರೇನೋ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ. ನರಗಳು ಅತಿಯಾಗಿ ಕೆರಳುವುದೇ ಕಾರಣ ಎಂದ. ಆದರೆ ಬರೀ ಚಳಿಗೆ ಬೆರಳು ಬಿಳಿಚಿಕೊಳ್ಳುವವರನ್ನೂ ಬೆರಳು ಕೊಳೆತುಹೋದವರನ್ನೂ ಒಂದೇ ಗುಂಪಿಗೆ ಸೇರಿಸಿಬಿಟ್ಟ. ಇದು ಒಂದೇ ರೋಗವಲ್ಲ, ಹಲವು ಕಾರಣಗಳಿಂದ ಬರುವ ಲಕ್ಷಣ ಎಂದು ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ವಾದಿಸಿದ್ದು ಎಷ್ಟೋ ವರ್ಷಗಳ ನಂತರ.

1929ರಲ್ಲಿ ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ಇನ್ನೊಂದು ಪ್ರಶ್ನೆ ಎತ್ತಿದ. ನರವನ್ನು ಮರಗಟ್ಟಿಸಿದ ಮೇಲೂ ತಣ್ಣಗೆ ಮಾಡಿದರೆ ಬೆರಳು ಬೆಳ್ಳಗಾಗುತ್ತಿತ್ತು. ಹಾಗಾದರೆ ದೋಷ ಬೆರಳಿನ ರಕ್ತನಾಳದಲ್ಲೇ ಇದೆ ಎಂದ. ಅತ್ತ ಶಸ್ತ್ರವೈದ್ಯರು ರಕ್ತನಾಳ ಬಿಗಿಸುವ ನರವನ್ನೇ ಕತ್ತರಿಸುತ್ತಿದ್ದರು. ಮೊದಮೊದಲು ಆರಾಮ ಸಿಗುತ್ತಿತ್ತು, ಆದರೆ ಕೈಯ ವಿಷಯದಲ್ಲಿ ಎಷ್ಟೋ ಜನರಿಗೆ ತೊಂದರೆ ಮತ್ತೆ ಮರಳುತ್ತಿತ್ತು.

ಇದರ ನಡುವೆ ಕಾರ್ಮಿಕರ ಕಥೆಯೇ ಬೇರೆ. 1918ರಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ಗೆ ಹೋಗಿ, ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಕೈ ನೋಡಿದಳು. ಉಳಿ ಹಿಡಿಯುವ ಎಡಗೈಯೇ ಹೆಚ್ಚು ಹಾಳಾಗಿತ್ತು. ಯಂತ್ರದ ಅದುರುವಿಕೆಯಿಂದ ಬೆರಳು ಹೀಗೆ ಬಿಳಿಚಿ ಮರಗಟ್ಟುತ್ತದೆ ಎಂದು ಅಷ್ಟು ಹಿಂದೆಯೇ ಗೊತ್ತಿತ್ತು. ಆದರೂ ಬ್ರಿಟನ್ ಇದನ್ನು ಪರಿಹಾರ ಸಿಗುವ ಕೆಲಸದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1985ರಲ್ಲಿ. ನನಗೆ ಈ ಇಡೀ ಇತಿಹಾಸದಲ್ಲಿ ಸಿಟ್ಟು ಬರಿಸುವ ಭಾಗ ಇದೇ.

ಹಾಲುಣಿಸುವ ತಾಯಂದಿರ ಅನುಭವವೂ ಹೀಗೇ. ಮೊಲೆತೊಟ್ಟಿಗೂ ಈ ತೊಂದರೆ ಬರುತ್ತದೆ, ತೊಟ್ಟು ಬಿಳಿಚಿ ಜೀವ ಹೋಗುವಷ್ಟು ನೋಯುತ್ತದೆ, ಆದರೆ ಅದನ್ನು ಫಂಗಸ್ ಸೋಂಕು ಎಂದುಕೊಂಡು ಬೇರೆ ಔಷಧಿ ಕೊಡುವುದುಂಟು.

1980ರ ದಶಕದಿಂದ ನಿಫೆಡಿಪಿನ್ ಬಳಕೆಗೆ ಬಂತು. ಬಿಪಿ ಮಾತ್ರೆ ಅದು, ರಕ್ತನಾಳ ಸಡಿಲಿಸುತ್ತದೆ. ಕೆಲವರಿಗೆ ತಲೆನೋವು, ಕಾಲು ಊತ, ಹಾಗಾಗಿ ಬಿಟ್ಟುಬಿಡುವವರೂ ಇದ್ದಾರೆ. 2023ರಲ್ಲಿ ಲಂಡನ್ ಮತ್ತು ಬರ್ಲಿನ್‌ನ ಸಂಶೋಧಕರು ಸಾವಿರಾರು ರೋಗಿಗಳ ಡಿಎನ್ಎ ಹೋಲಿಸಿ ಎರಡು ಜೀನ್‌ಗಳತ್ತ ಬೆರಳು ತೋರಿಸಿದರು. ಅದರಲ್ಲೊಂದು, ಒತ್ತಡದ ಹಾರ್ಮೋನಿನ ಸಂದೇಶ ಹಿಡಿದು ರಕ್ತನಾಳ ಬಿಗಿಯುವ ಗ್ರಾಹಕದ್ದು (ರಿಸೆಪ್ಟರ್). ಅಂದರೆ ರೇನೋ ಹೇಳಿದ ನರದ ಸಂದೇಶ, ಲೂಯಿಸ್ ಹೇಳಿದ ರಕ್ತನಾಳ, ಎರಡೂ ಅಲ್ಲೇ ಸೇರುತ್ತವೆ.

ಹೆಚ್ಚಿನವರಿಗೆ ಇದು ಕಾಟವೇ ಹೊರತು ಅಪಾಯವಲ್ಲ. ಆದರೆ ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ, ಒಂದೇ ಕೈಗೆ ಬಂದರೆ, ಬೆರಳ ತುದಿಯಲ್ಲಿ ಹುಣ್ಣಾದರೆ ಸುಮ್ನೆ ಕೂರಬೇಡಿ. ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಯನ್ನೇ ಕಾಡುವ ಲೂಪಸ್‌ನಂಥ ಕಾಯಿಲೆಗಳ ಮೊದಲ ಸುಳಿವು ಇದಾಗಿರಬಹುದು. ಉಗುರಿನ ಬುಡದ ಸೂಕ್ಷ್ಮ ರಕ್ತನಾಳಗಳನ್ನು ದೊಡ್ಡದು ಮಾಡಿ ನೋಡುವ ಪರೀಕ್ಷೆ ಇದೆ, ನೋವಿಲ್ಲ. ಅದನ್ನು ಮಾಡಬೇಕಾ ಎಂದು ವೈದ್ಯರನ್ನು ನೀವೇ ಕೇಳಿ.